ಒಬ್ಬ ವಿಎ, ಹತ್ತಾರು ಆ್ಯಪ್, ನೂರಾರು ಅರ್ಜಿ: ಸುಸ್ತಾಗಿರೋದು ಅವರು, ಅಲೆಯುತ್ತಿರೋದು ನಾವು!

ಸೋಮವಾರ ಬೆಳಗ್ಗೆ ಹತ್ತೂವರೆ. ನಾಡಕಚೇರಿ ಮುಂದೆ ಆಗಲೇ ಇಪ್ಪತ್ತು ಮೂವತ್ತು ಜನ. ಮಗಳ ಕಾಲೇಜು ಅಡ್ಮಿಷನ್‌ಗೆ ಆದಾಯ ಪ್ರಮಾಣಪತ್ರ ಬೇಕು ಅಂತ ಒಬ್ಬರು. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು, ಪಹಣಿ ಇನ್ನೂ ಅವರ ಹೆಸರಲ್ಲೇ ಐತೆ ಅಂತ ಇನ್ನೊಬ್ಬರು. ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ ಅಂತ ಕೋಲು ಹಿಡಿದು ಕೂತ ಅಜ್ಜಿ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ವಿಎ ಎಲ್ಲಿ?" ಒಳಗಿಂದ ಬರೋ ಉತ್ತರವೂ ಒಂದೇ: "ಫೀಲ್ಡ್‌ಗೆ ಹೋಗವ್ರೆ."

ನಮ್ಮ ತುಮಕೂರು ಜಿಲ್ಲೆಯ ಯಾವ ಹೋಬಳಿಗೆ ಹೋದರೂ ಈ ದೃಶ್ಯ ಹೊಸದೇನಲ್ಲ. ಜನರಿಗೆ ಸಿಟ್ಟು ಬರೋದು ಸಹಜ. ಕೂಲಿ ಬಿಟ್ಟು ಬಂದಿರ್ತಾರೆ, ಬಸ್ ಚಾರ್ಜ್ ಕೊಟ್ಟು ಬಂದಿರ್ತಾರೆ. "ಸರ್ಕಾರಿ ಸಂಬಳ ತಗೊಂಡು ಎಲ್ಲೋ ಆರಾಮಾಗಿ ಓಡಾಡ್ಕೊಂಡವ್ರೆ" ಅಂತ ಬೈಕೊಂಡು ವಾಪಸ್ ಹೋಗ್ತಾರೆ.

ಅದೇ ವಾರ ರಾತ್ರಿ ಎಂಟೂವರೆಗೆ ಅದೇ ವೃತ್ತದ ಗ್ರಾಮ ಆಡಳಿತಾಧಿಕಾರಿ ಮಾತಿಗೆ ಸಿಕ್ಕರು. ಹೆಸರು ಹಾಕಬೇಡಿ ಅಂದರು, ಹಾಕುತ್ತಿಲ್ಲ. ವಿಜಯಪುರ ಕಡೆಯ ಹೆಣ್ಣುಮಗಳು. ಗಂಡನ ಕೆಲಸ ಅಲ್ಲಿ, ಇವರ ಕೆಲಸ ಇಲ್ಲಿ. ತಮ್ಮ ವೃತ್ತದ ಜೊತೆಗೆ ಪಕ್ಕದ ವೃತ್ತದ ಹೆಚ್ಚುವರಿ ಪ್ರಭಾರವೂ ಇವರ ಮೇಲೇ ಇದೆ. ಮಾತಾಡುತ್ತಲೇ ಮೊಬೈಲ್‌ನಲ್ಲಿ ಅಂದಿನ ಎಂಟ್ರಿ ಮುಗಿಸುತ್ತಿದ್ದರು.

"ಕೆಲಸಾ ಜಾಸ್ತಿ ಆತು ಅಂತ ಅಳಾಕತ್ತಿಲ್ರಿ ಸರ. ಮಾಡಾಕಂತ ಬಂದೀವಿ, ಮಾಡ್ತೀವಿ. ಆದ್ರ ಎಲ್ಲಾನೂ ಇವತ್ತೇ ಆಗಬೇಕು ಅಂತಾರ್ರಿ. ಯಾವುದು ಮೊದಲು, ಯಾವುದು ಆಮ್ಯಾಲೆ ಅಂತ ಯಾರೂ ಹೇಳಂಗಿಲ್ರಿ. ಬೆಳಗ್ಗೆ ಎದ್ದು ಫೋನ್ ನೋಡಾಕ ಹೆದರಿಕಿ ಆಗ್ತೈತ್ರಿ" ಅಂದರು.

ಈ ಕೊನೆಯ ಮಾತಿನ ಬಗ್ಗೆ ನಾವು ಸ್ವಲ್ಪ ಯೋಚನೆ ಮಾಡಬೇಕಿದೆ. ಯಾಕಂದ್ರೆ ಫೋನ್ ನೋಡೋಕೆ ಹೆದರೋ ಈ ವಿಎ ಹತ್ತಿರವೇ ನಮ್ಮ ಅರ್ಜಿಗಳು ಕೂತಿವೆ.

ಮುಷ್ಕರ ಯಾಕೆ ನಡೀತು ಅಂತ ನೆನಪಿದೆಯಾ?

2024ರ ಸೆಪ್ಟೆಂಬರ್ 26ರಿಂದ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕೂತಿದ್ದರು. ತಾಲ್ಲೂಕು ಕಚೇರಿಗಳ ಮುಂದೆ ಶಾಮಿಯಾನ ಬಿದ್ದಿತ್ತು. ಸರ್ಕಾರದ ಭರವಸೆ ಮೇಲೆ ಅದು ನಿಂತಿತು. ಆದರೆ 2025ರ ಫೆಬ್ರುವರಿ 10ರಿಂದ ಎರಡನೇ ಹಂತ ಅಂತ ಮತ್ತೆ ಶುರುವಾಯ್ತು. ಒಂದೇ ನೌಕರ ವರ್ಗ ಐದು ತಿಂಗಳೊಳಗೆ ಎರಡು ಸಲ ಬೀದಿಗೆ ಬಂತು ಅಂದ್ರೆ ಬರೀ ಸಂಬಳದ ಆಸೆ ಅಂತ ತಳ್ಳಿಹಾಕೋಕೆ ಆಗಲ್ಲ.

ಅವರ ಬೇಡಿಕೆ ಪಟ್ಟಿ ಓದಿದರೆ ಆಶ್ಚರ್ಯ ಆಗುತ್ತೆ. ಕೂರೋಕೆ ಕುರ್ಚಿ, ಟೇಬಲ್, ದಾಖಲೆ ಇಡೋಕೆ ಬೀರು ಕೊಡಿ. ಸರ್ಕಾರಿ ಆ್ಯಪ್ ಓಡಿಸೋಕೆ ಸರಿಯಾದ ಮೊಬೈಲ್, ಸಿಮ್, ಡೇಟಾ ಕೊಡಿ. ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್ ಕೊಡಿ. ರಜಾ ದಿನ ಕೆಲಸಕ್ಕೆ ಒತ್ತಡ ಹಾಕಬೇಡಿ. ಅಂತರ ಜಿಲ್ಲಾ ವರ್ಗಾವಣೆಗೆ ದಾರಿ ಮಾಡಿ. ಬಡ್ತಿ ಕೊಡಿ. ಫೀಲ್ಡ್‌ನಲ್ಲಿ ರಕ್ಷಣೆ ಕೊಡಿ. ಇದರಲ್ಲಿ ಅರ್ಧ ಬೇಡಿಕೆ ಒಂದು ಸಣ್ಣ ದಿನಸಿ ಅಂಗಡಿ ಮಾಲೀಕ ತನ್ನ ಹುಡುಗನಿಗೆ ಕೇಳದೇನೇ ಕೊಡೋ ಸೌಕರ್ಯ. ತಕ್ಕಡಿ ಕೊಡದೆ "ತೂಕ ಮಾಡು" ಅಂತ ಯಾವ ಸೆಟ್ಟರೂ ಹೇಳಲ್ಲ.

17ಕ್ಕೂ ಹೆಚ್ಚು ಮೊಬೈಲ್ ಮತ್ತು ವೆಬ್ ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾಗಿದೆ ಅಂತ ಅವರು ಆಗ ಮನವಿಪತ್ರದಲ್ಲಿ ಹೇಳಿದ್ದರು. ಇದು ಉತ್ಪ್ರೇಕ್ಷೆನಾ? ಒಮ್ಮೆ ಲೆಕ್ಕ ಹಾಕೋಣ.

ಒಬ್ಬ ವಿಎ ಮಾಡೋ ಕೆಲಸ ಏನೇನು?

ಹಿಂದೆ ಊರಲ್ಲಿ ಶಾನುಭೋಗರು, ಪಟೇಲರು ಅಂತ ಇದ್ದರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯಕ್ಕೆ ಕೊನೆ ಹಾಡಿತು. ಆಮೇಲೆ ಬಂದವರು ಗ್ರಾಮ ಲೆಕ್ಕಿಗರು. ಈಗ ಅದೇ ಹುದ್ದೆಯ ಹೆಸರು ಗ್ರಾಮ ಆಡಳಿತಾಧಿಕಾರಿ. ಜನ ಮಾತ್ರ ಇಂದಿಗೂ 'ವಿಎ' ಅಂತಲೇ ಕರೆಯೋದು. ಹೆಸರು ದೊಡ್ಡದಾಯ್ತು, ಕೆಲಸ ಅದಕ್ಕಿಂತ ದೊಡ್ಡದಾಯ್ತು.

ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷ, ಹೀಗೆ ನಾಡಕಚೇರಿಗೆ ಬರೋ ಅರ್ಜಿಗಳಲ್ಲಿ ಸ್ಥಳ ಪರಿಶೀಲನೆ ಬೇಕಾದವುಗಳ ಮೊದಲ ವರದಿ ವಿಎ ಕೊಡಬೇಕು. ಅದಾದ ಮೇಲೆಯೇ ಆರ್‌ಐ, ಉಪ ತಹಶೀಲ್ದಾರ್ ಕಡೆ ಹೋಗೋದು. ವೃದ್ಧಾಪ್ಯ ವೇತನ, ವಿಧವಾ ವೇತನ, ಸಂಧ್ಯಾ ಸುರಕ್ಷಾದ ಪರಿಶೀಲನೆ ಇವರದು. ಪಹಣಿಗೆ ಆಧಾರ್ ಜೋಡಣೆ ಇವರದು. ಸರ್ಕಾರಿ ಜಮೀನಿನ ಹತ್ತಿರ ಖುದ್ದು ಹೋಗಿ ಮೊಬೈಲ್‌ನಲ್ಲಿ ಗುರುತು ಮಾಡೋ ಲ್ಯಾಂಡ್‌ಬೀಟ್ ಇವರದು. ಬಗರ್‌ಹುಕುಂ ಅರ್ಜಿದಾರರ ಜಮೀನಿನ ಪರಿಶೀಲನೆ, ಸತ್ತವರ ಹೆಸರಲ್ಲಿರೋ ಪಹಣಿಯನ್ನ ವಾರಸುದಾರರಿಗೆ ಮಾಡಿಕೊಡೋ ಪೌತಿ ಖಾತೆ ಆಂದೋಲನ, ಪೋಡಿಗೆ ಮುಂಚಿನ ನಮೂನೆ 1ರಿಂದ 5ರ ಕೆಲಸ ಎಲ್ಲವೂ ಇವರ ತಲೆ ಮೇಲೆ.

ಇಲ್ಲಿಗೆ ಮುಗೀಲಿಲ್ಲ. ಬೆಳೆ ಸಮೀಕ್ಷೆ, ಬೆಳೆ ಕಟಾವು ಪ್ರಯೋಗ. ಮಳೆ ಜಾಸ್ತಿ ಆಗಿ ಮನೆ ಬಿದ್ದರೆ, ಮಳೆ ಬರದೆ ರಾಗಿ ಒಣಗಿದರೆ ಹಾನಿ ವರದಿ. ಎಲೆಕ್ಷನ್ ಬಂದರೆ ಮತದಾರರ ಪಟ್ಟಿ ಕೆಲಸ. ಜಾತ್ರೆ, ಮಂತ್ರಿಗಳ ಭೇಟಿ, ಜನಸ್ಪಂದನ ಸಭೆ ಬಂದರೆ ಅಲ್ಲಿ ಡ್ಯೂಟಿ. ಸರ್ಕಾರಿ ಜಾಗ ಒತ್ತುವರಿ, ಮರಳು ಸಾಗಾಣಿಕೆ ಅಂತ ದೂರು ಬಂದರೆ ಮೊದಲು ಜಾಗಕ್ಕೆ ಹೋಗಬೇಕಾದವರೂ ಇವರೇ. ರಾತ್ರಿ ಹೊತ್ತು, ಕೈಯಲ್ಲಿ ಒಂದು ಬ್ಯಾಟರಿ ಕೂಡ ಇಲ್ಲದೆ.

ಇದರಲ್ಲಿ ಒಂದೊಂದೂ ಒಳ್ಳೆ ಯೋಜನೆಯೇ. ಪೌತಿ ಖಾತೆ ಆಗಬೇಕು, ಸರ್ಕಾರಿ ಜಮೀನು ಉಳೀಬೇಕು, ಬಗರ್‌ಹುಕುಂ ರೈತನಿಗೆ ನ್ಯಾಯ ಸಿಗಬೇಕು. ಕಂದಾಯ ಇಲಾಖೆ ಇಷ್ಟು ವರ್ಷ ಮುಟ್ಟದೇ ಬಿಟ್ಟಿದ್ದ ಕೆಲಸಗಳಿಗೆ ಈಗ ಕೈ ಹಾಕಿದೆ ಅನ್ನೋದನ್ನ ಒಪ್ಪಲೇಬೇಕು. ತೊಂದರೆ ಇರೋದು ಬೇರೆ ಕಡೆ. ಪ್ರತಿಯೊಂದು ಯೋಜನೆಗೂ ಬೆಂಗಳೂರಿನಲ್ಲಿ ಬೇರೆ ಬೇರೆ ಸಾಹೇಬರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಟಾರ್ಗೆಟ್, ಬೇರೆ ಬೇರೆ ವಿಡಿಯೊ ಕಾನ್ಫರೆನ್ಸ್. ಹಳ್ಳಿಗೆ ಬರೋ ಹೊತ್ತಿಗೆ ಎಲ್ಲ ಕೊಳವೆಯೂ ಬಂದು ಸೇರೋದು ಒಂದೇ ಬಿಂದಿಗೆಗೆ. ಆ ಬಿಂದಿಗೆ ಹೆಸರೇ ವಿಎ.

ಸುಸ್ತು ಬೇರೆ, 'ಬರ್ನ್‌ಔಟ್' ಬೇರೆ

ಕೆಲಸ ಮಾಡಿದರೆ ಸುಸ್ತಾಗೋದು ಇದ್ದದ್ದೇ. ಕೊಬ್ಬರಿ ಸುಲಿಯೋರಿಗೆ ಸುಸ್ತಾಗಲ್ವಾ? ಸಂತೆ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು ತರಕಾರಿ ಲೋಡ್ ಇಳಿಸೋರಿಗೆ ಸುಸ್ತಾಗಲ್ವಾ? ಆಗುತ್ತೆ. ಆದರೆ ಆ ಸುಸ್ತು ಒಂದು ರಾತ್ರಿ ನಿದ್ದೆಗೆ ಇಳಿಯುತ್ತೆ. ಬರ್ನ್‌ಔಟ್ ಹಾಗಲ್ಲ. ಭಾನುವಾರ ಇಡೀ ಮಲಗಿದರೂ ಸೋಮವಾರ ಬೆಳಗ್ಗೆ ಎದೆ ಭಾರ ಇರುತ್ತೆ.

ಕೆಲಸದಿಂದ ಬರೋ ಈ ಸ್ಥಿತಿಗೆ 'ಬರ್ನ್‌ಔಟ್' ಅನ್ನೋ ಪದವನ್ನ 1974ರಲ್ಲಿ ಬಳಕೆಗೆ ತಂದವರು ಅಮೆರಿಕದ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಬಡವರಿಗೆ ಉಚಿತ ಚಿಕಿತ್ಸೆ ಕೊಡೋ ಕ್ಲಿನಿಕ್‌ಗಳಲ್ಲಿ ಮನಸ್ಸಿಟ್ಟು ದುಡಿಯೋ ಕಾರ್ಯಕರ್ತರು ಕೆಲವೇ ತಿಂಗಳಲ್ಲಿ ಬತ್ತಿ ಹೋಗೋದನ್ನ ಅವರು ನೋಡಿದ್ದರು. ಗಮನಿಸಿ, ಸೋಮಾರಿಗಳಿಗೆ ಬಂದ ಕಾಯಿಲೆ ಅಲ್ಲ ಇದು. ಮನಸ್ಸಿಟ್ಟು ಮಾಡಿದವರಿಗೇ ಮೊದಲು ಬಂದದ್ದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು. ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದಲ್ಲಿ ಹುಟ್ಟೋ ಸ್ಥಿತಿ ಅಂತ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದಿಂದ ಇದು ಬರುತ್ತೆ ಅಂತ ಅದು ಹೇಳುತ್ತೆ. ಅದರ ಲಕ್ಷಣ ಮೂರು. ಒಂದು, ಶಕ್ತಿಯೆಲ್ಲ ಬಸಿದು ಹೋದಂಗೆ ಆಗೋದು. ಎರಡು, ಕೆಲಸದ ಮೇಲೆ, ಎದುರಿಗಿರೋ ಜನರ ಮೇಲೆ ಜಿಗುಪ್ಸೆ, "ಏನಾದ್ರೂ ಆಗ್ಲಿ" ಅನ್ನೋ ಮನಸ್ಸು. ಮೂರು, ಕೈಯಲ್ಲಿ ಕೆಲಸ ಸಾಗದೇ ಇರೋದು.

ಈ ಎರಡನೇ ಲಕ್ಷಣ ನಮಗೆಲ್ಲ ಚೆನ್ನಾಗಿ ಗೊತ್ತಿರೋದೇ. ಕೌಂಟರ್‌ನಲ್ಲಿ ಮುಖ ಎತ್ತಿ ನೋಡದೆ "ನಾಳೆ ಬನ್ನಿ" ಅನ್ನೋದು. ಪ್ರಶ್ನೆ ಕೇಳಿದರೆ ಸಿಡುಕೋದು. ನಾವು ಅದನ್ನ ಅಹಂಕಾರ ಅಂತೀವಿ. ಕೆಲವರದ್ದು ಅಹಂಕಾರವೇ ಇರಬಹುದು. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಗ್ತಾ ಮಾತಾಡ್ತಿದ್ದ ಹುಡುಗ ಮೂರೇ ವರ್ಷದಲ್ಲಿ ಕಲ್ಲಾಗಿಬಿಟ್ಟ ಅಂದ್ರೆ ಒಳಗೆ ಏನೋ ಸುಟ್ಟಿದೆ ಅಂತ ಅರ್ಥ.

ಭಾರಕ್ಕಿಂತ ಹೆಚ್ಚು ಮುರಿಯೋದು ಆಸರೆ ಇಲ್ಲದ್ದು

ಇಲ್ಲೊಂದು ಮುಖ್ಯ ವಿಷಯ. ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಎಲ್ಲರೂ ಮುರಿಯಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ಸಂಶೋಧಕ ಒಂದು ಲೆಕ್ಕ ಮುಂದಿಟ್ಟರು. ಭಾರ ಜಾಸ್ತಿ, ಆದರೆ ಹೇಗೆ ಮಾಡಬೇಕು, ಯಾವುದು ಮೊದಲು ಅನ್ನೋ ಹಿಡಿತ ಕೆಲಸಗಾರನ ಕೈಯಲ್ಲಿದ್ದರೆ ಆತ ತಡೆದುಕೊಳ್ತಾನೆ. ಭಾರವೂ ಜಾಸ್ತಿ, ಹಿಡಿತವೂ ಇಲ್ಲ ಅಂದಾಗ ಒತ್ತಡ ಮಿತಿ ಮೀರುತ್ತೆ. 1988ರಲ್ಲಿ ಸ್ವೀಡನ್ ಕೆಲಸಗಾರರ ಮೇಲೆ ನಡೆದ ಅಧ್ಯಯನ ಇದಕ್ಕೆ ಮೂರನೇ ಸಂಗತಿ ಸೇರಿಸಿತು: ಆಸರೆ. ಭಾರ ಹೆಚ್ಚು, ಹಿಡಿತ ಕಮ್ಮಿ, ಜೊತೆಗೆ ಮೇಲಿನವರ, ಸಹೋದ್ಯೋಗಿಗಳ ಬೆಂಬಲವೂ ಇಲ್ಲ ಅನ್ನೋ ಕಡೆ ಹೃದಯದ ಕಾಯಿಲೆ ಹೆಚ್ಚು ಕಂಡುಬಂತು.

ನಮ್ಮ ಅಂಗಡಿ ಬೀದಿಗೇ ಇದನ್ನ ತಂದು ನೋಡಿ. ಹಬ್ಬದ ಹಿಂದಿನ ದಿನ ಬಟ್ಟೆ ಅಂಗಡಿ ಮಾಲೀಕರು ಬೆಳಗ್ಗೆಯಿಂದ ರಾತ್ರಿ ಹನ್ನೊಂದರವರೆಗೂ ನಿಂತೇ ಇರ್ತಾರೆ. ಸುಸ್ತಾಗ್ತಾರೆ, ಆದರೆ ಕುಗ್ಗಲ್ಲ. ಯಾಕೆ? ಅಂಗಡಿ ಅವರದು, ತೀರ್ಮಾನ ಅವರದು, ಗಲ್ಲಾ ಅವರದು, ಮನೆಯವರು ಊಟ ತಂದುಕೊಡ್ತಾರೆ. ಅದೇ ಅಂಗಡಿಯಲ್ಲಿ ಸೀರೆ ಮಡಿಚೋ ಹುಡುಗಿಗೆ ಅದೇ ಹೊತ್ತು, ಅದೇ ನಿಲುವು. ಕೂರೋಕೆ ಸ್ಟೂಲ್ ಇಲ್ಲ, ಬೇಗ ಹೋಗ್ತೀನಿ ಅನ್ನೋ ಹಾಗಿಲ್ಲ, ಗಿರಾಕಿ ಬೈದರೆ ಮಾಲೀಕರೂ ಜೊತೆಗೆ ಬೈತಾರೆ. ಇಬ್ಬರೂ ಮಾಡಿದ್ದು ಹದಿನಾಲ್ಕು ಗಂಟೆ. ಆದರೆ ಇಬ್ಬರ ಹದಿನಾಲ್ಕು ಗಂಟೆ ಒಂದೇ ಅಲ್ಲ.

ವಿಎ ಮೇಡಂ ಹೇಳಿದ್ದೂ ಇದೇ. ಮೇಲಿನವರು ಕೇಳೋದು "ಎಷ್ಟು ಎಂಟ್ರಿ ಆಯ್ತು?" ಅಂತ. ಸರ್ವರ್ ಇಲ್ಲ ಅಂದ್ರೆ "ಬೇರೆಯವರು ಹೆಂಗೆ ಮಾಡಿದ್ರು?" ಅಂತ ಮರುಪ್ರಶ್ನೆ. ಜನ ಜಗಳಕ್ಕೆ ಬಂದರೆ ನಡುವೆ ನಿಲ್ಲೋರು ಯಾರೂ ಇಲ್ಲ. ತಪ್ಪಾದರೆ ನೋಟಿಸು ಇವರಿಗೆ, ಸರಿಯಾದರೆ ಫೋಟೊ ಬೇರೆಯವರದು.

ಇದಕ್ಕೂ ನಮ್ಮ ಅಂಗಡಿಗೂ ಏನು ಸಂಬಂಧ?

ಇದೆ. ಪೌತಿ ಖಾತೆ ಆಗದಿದ್ದರೆ ಮಗನ ಹೆಸರಿಗೆ ಬೆಳೆ ಸಾಲ ಸಿಗಲ್ಲ. ಬೆಳೆ ಸಾಲ ಸಿಗದಿದ್ದರೆ ಗೊಬ್ಬರದ ಅಂಗಡಿಯಲ್ಲಿ ಉದ್ರಿ. ಬೆಳೆ ಹಾನಿ ವರದಿ ತಪ್ಪಿದರೆ ಪರಿಹಾರ ಬರಲ್ಲ. ಪರಿಹಾರ ಬರದಿದ್ದರೆ ಆ ಉದ್ರಿ ತೀರಲ್ಲ. ಪಿಂಚಣಿ ನಿಂತರೆ ಅಜ್ಜಿ ದಿನಸಿ ಅಂಗಡಿಗೆ ಬರಲ್ಲ, ಮೆಡಿಕಲ್ ಸ್ಟೋರ್‌ಗೂ ಬರಲ್ಲ. ಆದಾಯ ಪ್ರಮಾಣಪತ್ರ ತಡವಾದರೆ ಮಗಳ ಸ್ಕಾಲರ್‌ಶಿಪ್ ಕೈತಪ್ಪಿ ಅಪ್ಪ ಕೈಸಾಲಕ್ಕೆ ಹೋಗ್ತಾನೆ. ಮುಷ್ಕರದ ದಿನಗಳಲ್ಲಿ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ, ಟೀ ಅಂಗಡಿಯವರನ್ನ ಕೇಳಿದ್ದರೆ ವ್ಯಾಪಾರ ಹೇಗಿತ್ತು ಅಂತ ಅವರೇ ಹೇಳ್ತಿದ್ದರು.

ಇನ್ನೊಂದು ನಷ್ಟ ಕಣ್ಣಿಗೆ ಕಾಣಲ್ಲ. ಕೆಲಸ ಕಟ್ಟಿಕೊಂಡ ಕಡೆ ಬ್ರೋಕರ್ ಹುಟ್ಟಿಕೊಳ್ತಾನೆ. ಹತ್ತು ದಿನದಲ್ಲಿ ಆಗಬೇಕಾದ್ದು ನಲವತ್ತು ದಿನ ಆದರೆ "ಐನೂರು ಕೊಡಿ, ನಾಳೆ ಮಾಡಿಸ್ತೀನಿ" ಅನ್ನೋನ ಮಾತಿಗೆ ಬೆಲೆ ಬರುತ್ತೆ. ವಿಳಂಬ ಇಲ್ಲದಿದ್ದರೆ ಅವನ ಅಂಗಡಿಯೇ ನಡೆಯಲ್ಲ.

ಹಾಗಾದ್ರೆ ವಿಎಗಳೆಲ್ಲ ಸಾಚಾನಾ?

ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ಲಂಚ ತಗೊಳ್ಳುವಾಗ ಲೋಕಾಯುಕ್ತರ ಬಲೆಗೆ ಬಿದ್ದ ಗ್ರಾಮ ಲೆಕ್ಕಿಗರ ಸುದ್ದಿ ನಾವೇ ಎಷ್ಟು ಸಲ ಓದಿಲ್ಲ? ಕೆಲಸ ಜಾಸ್ತಿ ಅನ್ನೋದು ಲಂಚಕ್ಕೆ ನೆಪ ಆಗಕೂಡದು. ಬಡವನ ಹತ್ತಿರ ಕೈ ಚಾಚಿದವರಿಗೆ ಶಿಕ್ಷೆ ಆಗಲೇಬೇಕು.

ಆದರೆ ಒಂದು ಮಾತು. ಎಲ್ಲರ ಮೇಲೂ ಮಾಡಲಾಗದಷ್ಟು ಭಾರ ಹಾಕಿದರೆ ಯಾರು ಕಳ್ಳ, ಯಾರು ಪ್ರಾಮಾಣಿಕ ಅಂತ ಗುರುತು ಹಿಡಿಯೋಕೆ ಆಗಲ್ಲ. ಇಬ್ಬರ ಟೇಬಲ್ ಮೇಲೂ ನೂರು ಅರ್ಜಿ ಬಾಕಿ. ಕಳ್ಳ "ಸರ್ವರ್ ಡೌನ್" ಅಂತಾನೆ, ಪ್ರಾಮಾಣಿಕನೂ "ಸರ್ವರ್ ಡೌನ್" ಅಂತಾನೆ. ಮಾಡಬಹುದಾದಷ್ಟು ಕೆಲಸ ಕೊಟ್ಟಾಗ ಮಾತ್ರ "ಯಾಕೆ ಮಾಡ್ಲಿಲ್ಲ?" ಅಂತ ಗಟ್ಟಿಯಾಗಿ ಕೇಳೋ ಹಕ್ಕು ಬರೋದು. ಈಗಿನ ಸ್ಥಿತಿಯಲ್ಲಿ ಸೋಮಾರಿಗೆ ಒಳ್ಳೆ ನೆಪ ಸಿಕ್ಕಿದೆ. ಗೇಯೋ ಎತ್ತಿನ ಮೇಲೆ ಇನ್ನೊಂದು ಮೂಟೆ ಬೀಳ್ತಾ ಇದೆ. ಹೆಚ್ಚುವರಿ ಪ್ರಭಾರ ಯಾವಾಗಲೂ ಹೋಗೋದು ಕೆಲಸ ಮಾಡೋರ ಹೆಗಲಿಗೇ ಅಲ್ವಾ?

ಇದು ಕಂದಾಯ ಇಲಾಖೆಯ ಕತೆ ಮಾತ್ರ ಅಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಿದ್ದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಾಲಾ ಮೇಷ್ಟ್ರುಗಳು ಮನೆ ಮನೆ ತಿರುಗಿದರು. ಆ್ಯಪ್ ಕೈಕೊಟ್ಟಿತು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು, ಕೊನೆಗೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯ್ತು. ಸರ್ಕಾರ ಒಂದು ಹೊಸ ಕೆಲಸ ಘೋಷಿಸಿದಾಗಲೆಲ್ಲ "ಇದನ್ನ ಮಾಡೋರು ಯಾರು, ಅವರು ಈಗ ಮಾಡ್ತಿರೋ ಕೆಲಸದಲ್ಲಿ ಯಾವುದನ್ನ ಬಿಡಬೇಕು?" ಅನ್ನೋ ಪ್ರಶ್ನೆಯನ್ನ ಯಾರೂ ಕೇಳೋದಿಲ್ಲ.

ಏನು ಮಾಡಬಹುದು? ಮೂರು ಮಟ್ಟದಲ್ಲಿ

*ಸರ್ಕಾರ:* 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ 2024ರಲ್ಲಿ ಪರೀಕ್ಷೆ ನಡೆಯಿತು. ಒಳ್ಳೆ ಹೆಜ್ಜೆ. ಆದರೆ ಹೊಸಬರು ಬಂದ ತಕ್ಷಣ ಹಳಬರ ಹೆಚ್ಚುವರಿ ಪ್ರಭಾರ ಇಳಿಯಬೇಕು. ಅದರ ಬದಲು ಹೊಸ ಆ್ಯಪ್ ಬಂದರೆ ಲೆಕ್ಕ ಅಲ್ಲಿಗಲ್ಲಿಗೇ. ಒಂದೇ ರೈತನ ಒಂದೇ ಸರ್ವೆ ನಂಬರನ್ನ ನಾಲ್ಕು ಆ್ಯಪ್‌ನಲ್ಲಿ ನಾಲ್ಕು ಸಲ ಬರೆಸೋದನ್ನ ನಿಲ್ಲಿಸಿ, ಒಂದು ಕಡೆ ಹಾಕಿದ್ದು ಎಲ್ಲ ಕಡೆ ಬರೋ ಹಾಗೆ ಮಾಡಿದರೆ ಅರ್ಧ ಭಾರ ಇಳಿಯುತ್ತೆ. ಕೊಟ್ಟ ಭರವಸೆಗಳಲ್ಲಿ ಎಷ್ಟು ಈಡೇರಿವೆ ಅಂತ ಜಿಲ್ಲಾವಾರು ಪಟ್ಟಿ ಹೊರಬೀಳಲಿ.

*ತಾಲ್ಲೂಕು:* ಇದಕ್ಕೆ ದುಡ್ಡು ಬೇಡ, ಮನಸ್ಸು ಬೇಕು. ತಹಶೀಲ್ದಾರರು ವಾರಕ್ಕೊಮ್ಮೆ "ಈ ವಾರ ಇವು ಮೂರು ಮೊದಲು, ಉಳಿದದ್ದು ಆಮೇಲೆ" ಅಂತ ಬರವಣಿಗೆಯಲ್ಲಿ ಹೇಳಿದರೆ ಸಾಕು, ಕೆಳಗಿನವರ ಅರ್ಧ ಹೆದರಿಕೆ ಹೋಗುತ್ತೆ. ಪ್ರತಿ ವೃತ್ತಕ್ಕೂ ವಾರದಲ್ಲಿ ಎರಡು ದಿನ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ವಿಎ ಕಡ್ಡಾಯವಾಗಿ ಕಚೇರಿಯಲ್ಲೇ ಇರ್ತಾರೆ ಅಂತ ಪಂಚಾಯ್ತಿ ಬೋರ್ಡ್‌ನಲ್ಲಿ ಹಾಕಲಿ. ಆ ಹೊತ್ತಿಗೆ ಯಾವ ವಿಡಿಯೊ ಕಾನ್ಫರೆನ್ಸೂ ಬೇಡ. ಜನ ಅಲೆಯೋದು ತಪ್ಪುತ್ತೆ, ವಿಎಗೂ ದಿನಕ್ಕೆ ಐವತ್ತು ಫೋನ್ ತಪ್ಪುತ್ತೆ. ಒತ್ತುವರಿ, ಮರಳಿನ ದೂರಿಗೆ ಒಬ್ಬರನ್ನೇ ಕಳಿಸೋದು ನಿಲ್ಲಲಿ.

*ನಾವು:* ಅರ್ಜಿ ಹಾಕೋ ಮುಂಚೆ ಹಳೆ ಪ್ರಮಾಣಪತ್ರದ ಅವಧಿ ಇನ್ನೂ ಇದೆಯಾ ನೋಡಿ. ಅವಧಿ ಇದ್ದರೆ ಅದರ ಆರ್‌ಡಿ ನಂಬರೇ ಸಾಕಾಗಬಹುದು, ಹೊಸ ಅರ್ಜಿ ಬೇಡ. ಕಾಲೇಜಿಗೆ ಬೇಕಾದ ಪತ್ರಕ್ಕೆ ಕೊನೆ ದಿನದವರೆಗೆ ಕಾಯದೆ ಮಾರ್ಚ್, ಏಪ್ರಿಲ್‌ನಲ್ಲೇ ಹಾಕಿ. ಅರ್ಜಿ ಕೊಟ್ಟಾಗ ಸಕಾಲದ ಜಿಎಸ್‌ಸಿ ನಂಬರ್ ಇರೋ ಸ್ವೀಕೃತಿ ಚೀಟಿ ತಪ್ಪದೆ ಕೇಳಿ ಪಡೆಯಿರಿ. ನಿಗದಿತ ದಿನ ಮೀರಿದರೆ ಮೇಲ್ಮನವಿ ಹಾಕೋ ಹಕ್ಕು ನಿಮಗಿದೆ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಅಂತ ಕಾಯ್ದೆಯಲ್ಲೇ ಇದೆ. ಜಗಳಕ್ಕಿಂತ ಆ ಚೀಟಿಗೆ ಬಲ ಜಾಸ್ತಿ. ಇನ್ನು ರಾತ್ರಿ ಹತ್ತಕ್ಕೆ ವಿಎಗೆ ಫೋನ್ ಮಾಡೋದು ಬೇಡ. ನಮ್ಮ ಅಂಗಡಿ ಷಟರ್ ಎಳೆದ ಮೇಲೆ ಗಿರಾಕಿ ಬಾಗಿಲು ಬಡಿದರೆ ನಮಗೆ ಹೇಗಾಗುತ್ತೆ?

ನಮ್ಮ ಗಲ್ಲಾದ ಈ ಕಡೆಯೂ ಸ್ವಲ್ಪ ನೋಡೋಣ

ಸರ್ಕಾರವನ್ನ ಬೈಯೋದು ಸುಲಭ. ನಮ್ಮ ಅಂಗಡಿ, ಹೋಟೆಲ್, ಗೋಡೌನ್‌ಗಳಲ್ಲಿ ಏನು ನಡೀತಿದೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕೆಲಸಗಾರರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ವಾರಕ್ಕೊಂದು ರಜೆ. ಹೆಚ್ಚಿಗೆ ದುಡಿಸಿದರೆ ಓವರ್‌ಟೈಂ. ನಮ್ಮ ಪೇಟೆ ಬೀದಿಯಲ್ಲಿ ಎಷ್ಟು ಕಡೆ ಇದು ನಡೀತಿದೆ ಅಂತ ಎದೆ ಮುಟ್ಟಿಕೊಂಡು ಹೇಳೋಣ.

ವಾರಕ್ಕೆ 70 ಗಂಟೆ ದುಡೀಬೇಕು ಅಂತ 2023ರಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿ ಹೇಳಿದ್ದು, 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆ ಮಾತು ಎರಡೂ ದೊಡ್ಡ ಚರ್ಚೆ ಆದವು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೊರತಂದ ಅಂದಾಜು ಬೇರೆ ಕತೆ ಹೇಳುತ್ತೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯೋ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7.45 ಲಕ್ಷ ಜನ ಇದರಿಂದ ಸತ್ತರು ಅಂತ ಆ ಅಂದಾಜು. ಭಾನುವಾರವೂ ಬಾಗಿಲು ತೆಗೆಯೋ ಮಾಲೀಕರೂ ಈ ಲೆಕ್ಕದಿಂದ ಹೊರಗಿಲ್ಲ.

ಈಗಾಗಲೇ ಸುಟ್ಟುಹೋದಂಗೆ ಅನ್ನಿಸ್ತಿದ್ರೆ?

ವಿಎ ಇರಲಿ, ಆಶಾ ಇರಲಿ, ಬ್ಯಾಂಕ್ ಕ್ಯಾಷಿಯರ್ ಇರಲಿ, ಅಂಗಡಿ ಹುಡುಗ ಇರಲಿ, ಕೆಲವು ಮಾತು ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.

ಮೊದಲು, ಕೈಯಲ್ಲಿರೋ ಕೆಲಸವನ್ನೆಲ್ಲ ಒಂದು ಹಾಳೆ ಮೇಲೆ ಬರೀರಿ. ಪ್ರತಿಯೊಂದಕ್ಕೂ ಎಷ್ಟು ಹೊತ್ತು ಬೇಕು ಅಂತ ಪಕ್ಕದಲ್ಲೇ ಹಾಕಿ. ಕೂಡಿದರೆ ದಿನಕ್ಕೆ ಹದಿನೈದು ಗಂಟೆ ಬಂತು ಅಂದ್ರೆ ತಪ್ಪು ನಿಮ್ಮದಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಆ ಹಾಳೆ ಮೇಲಧಿಕಾರಿಗೆ ತೋರಿಸಿ. "ಆಗಲ್ಲ ಸಾರ್" ಅನ್ನೋದಕ್ಕಿಂತ "ಇದರಲ್ಲಿ ಯಾವುದು ಮೊದಲು ಮಾಡ್ಲಿ ಸಾರ್?" ಅಂತ ಕೇಳೋದಕ್ಕೆ ತೂಕ ಜಾಸ್ತಿ. ಬಾಯಿಮಾತಿಗಿಂತ ಒಂದು ಸಣ್ಣ ಟಿಪ್ಪಣಿ ಅಥವಾ ಮೆಸೇಜ್‌ನಲ್ಲಿ ಕೇಳಿ. ನಾಳೆ ನೋಟಿಸ್ ಬಂದರೆ ಅದು ನಿಮ್ಮ ಕೈ ಹಿಡಿಯುತ್ತೆ.

ಒಬ್ಬರೇ ನುಂಗಿಕೊಳ್ಳಬೇಡಿ. ಅದೇ ಕೆಲಸ ಮಾಡೋ ಇಬ್ಬರು ಮೂವರ ಜೊತೆ ಮಾತಾಡಿ, ಒಟ್ಟಿಗೆ ಹೋಗಿ ಕೇಳಿ. ಹಕ್ಕಿನ ರಜೆ ಹಾಕೋಕೆ ನಾಚಿಕೆ ಬೇಡ. ಊಟದ ಹೊತ್ತಿಗೆ ಫೋನ್ ಒಳಗಿಡಿ. ಆದರೆ ಇದೂ ನಿಜ: ಮೇಲಿನ ಭಾರ ಇಳಿಯದೆ ಬರೀ ಯೋಗ, ವಾಕಿಂಗ್‌ನಿಂದ ಇದು ವಾಸಿ ಆಗಲ್ಲ. ಸೋರೋ ಮಾಳಿಗೆ ಕೆಳಗೆ ಪಾತ್ರೆ ಇಟ್ಟಂಗೆ ಅಷ್ಟೆ. ಪಾತ್ರೆಯೂ ಬೇಕು, ಮಾಳಿಗೆ ರಿಪೇರಿಯೂ ಆಗಬೇಕು.

ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಸುಮ್ಮನೆ ಅಳು ಬರುತ್ತೆ, ಕುಡಿತ ಜಾಸ್ತಿ ಆಯ್ತು, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಅದು ಬರ್ನ್‌ಔಟ್ ದಾಟಿ ಹೋಗಿದೆ ಅಂತ ತಿಳೀರಿ. ತಡ ಮಾಡದೆ ಡಾಕ್ಟರನ್ನ ನೋಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಕೊನೆ ಮಾತು

ಆ ರಾತ್ರಿ ವಿಎ ಮೇಡಂ ಎದ್ದು ಹೊರಡುವಾಗ ಒಂದು ವಿಷಯ ಹೇಳಿದರು. ಮೂರು ತಿಂಗಳಿಂದ ಪಿಂಚಣಿ ಬರದ ಆ ಅಜ್ಜಿಯ ವಿಷಯ ಅವರಿಗೆ ಗೊತ್ತಿತ್ತು. ಅಜ್ಜಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಬ್ಯಾಂಕಿಗೆ ಒಮ್ಮೆ ಕರಕೊಂಡು ಹೋದರೆ ಮುಗೀತು. ಅರ್ಧ ಗಂಟೆ ಕೆಲಸ. "ಆ ಅರ್ಧಾ ತಾಸು ಮೂರು ತಿಂಗಳಿಂದ ಸಿಕ್ಕಿಲ್ರಿ ಸರ. ಆಕೀ ಮುಖಾ ನೋಡಾಕ ನನಗ ಆಗಂಗಿಲ್ಲ, ಅದಕ್ಕ ಆ ಓಣಿಗೆ ಹೋಗೂದೇ ಬಿಟ್ಟೀನಿ" ಅಂದರು.

ಮರುದಿನ ಆ ಓಣಿಯ ದಿನಸಿ ಅಂಗಡಿಯವರಿಗೆ ಈ ವಿಷಯ ಮುಟ್ಟಿಸಿದೆವು. ಅವರ ಮಗ ಬೈಕ್‌ನಲ್ಲಿ ಅಜ್ಜಿಯನ್ನ ಬ್ಯಾಂಕಿಗೆ ಕರಕೊಂಡು ಹೋದ. ಜೋಡಣೆ ಆಯ್ತು. ಆದರೆ ಪ್ರತಿ ಓಣಿಯಲ್ಲೂ ಇಂಥ ಹುಡುಗ ಇರಲ್ಲ, ಇರಬೇಕು ಅಂತ ಕಾಯೋದೂ ಸರಿಯಲ್ಲ. ಅರ್ಧ ಗಂಟೆಯ ಕೆಲಸ ಮೂರು ತಿಂಗಳು ಕಾಯೋ ಹಾಗೆ ಮಾಡಿದ್ದು ಯಾರು ಅಂತ ಮುಂದಿನ ಜನಸ್ಪಂದನ ಸಭೆಯಲ್ಲಿ ಕೇಳೋಣ. ವಿಎನ ಅಲ್ಲ, ವೇದಿಕೆ ಮೇಲೆ ಕೂತವರನ್ನ.